ಪುಣೆಗೆ ಹೋಗಿ ಬಂದ ಮಾತು

ಪಕ್ಕದ ಮನೆಯ ಹಿರಿಯ ಗಾಯಕಿಯನ್ನು ನಾನು ಅತ್ತಿ ಎಂದು ಕರೆಯುತ್ತೇನೆ. ರಕ್ತಸಂಬಂಧವೇನೂ ಇಲ್ಲ. ಶಲವಡಿಯಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇದ್ದರೆ ಅಷ್ಟು ಸಾಕು. ಹದಿನಾರನೆಯ ವಯಸ್ಸಿಗೆ ಹಾಡು ಕಲಿಯಲು ಪುಣೆಗೆ ಹೋದವರು ಅಲ್ಲಿಯೇ ಹೆಸರು ಮಾಡಿ, ಎಪ್ಪತ್ತು ದಾಟಿದ ಮೇಲೆ ಹಾಡುವುದನ್ನು ನಿಲ್ಲಿಸಿ, ತಮ್ಮನ ಮನೆಗೆ ಬಂದು ನೆಲೆಸಿದ್ದಾರೆ. ಈಗ ಎಪ್ಪತ್ತೆಂಟು. ಬೆಳಗ್ಗೆ ಚಾದಂಗಡಿಯ ರೇಡಿಯೊದಲ್ಲಿ ಒಮ್ಮೊಮ್ಮೆ ಅವರ ಹಳೆಯ ಭಜನೆ ಬರುತ್ತದೆ. ಕೇಳುತ್ತ ಕೂತವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಅಂಗಡಿಯ ಎದುರಿಗಿರುವ ಅತ್ತಿಯ ಅಂಗಳದಿಂದ "ಏ ಎಮ್ಮೀ, ನಿನ್ನ ಬಾಯಿಗೆ ಮಣ್ಣ ಹಾಕ್ಲಿ, ಮತ್ತ ನನ್ನ ಸೀರಿ ಎಳೀತಿ?" ಎಂಬ ಕೂಗು ಕೇಳುತ್ತದೆ. ಎರಡೂ ಒಂದೇ ಗಂಟಲಿನವು ಎಂದು ಹೊರಗಿನವರನ್ನು ನಂಬಿಸುವುದು ಕಷ್ಟ.

ಹಾಡುವ ಕಾಲದಲ್ಲಿ ಅತ್ತಿ ದನಿ ಏರಿಸಿ ಮಾತಾಡಿದವರಲ್ಲವಂತೆ. ಕಚೇರಿ ಇದ್ದ ದಿನ ಬಾಯಿಯೇ ಬಿಡುತ್ತಿರಲಿಲ್ಲ. ಉಪ್ಪು ಬೇಕಾದರೂ ಚೀಟಿ ಬರೆದು ತೋರಿಸುತ್ತಿದ್ದರು. ಈಗ ಆ ದನಿ ಒಣಗಿದ ಜೋಳದ ದಂಟಿನ ಹಾಗೆ ಕರಕರ ಅನ್ನುತ್ತದೆ, ಮೊದಲಿಗಿಂತ ಕೆಳಗೆ ಇಳಿದಿದೆ. ಗ್ಯಾಸಿನವನು ಫೋನಿನಲ್ಲಿ "ಹೇಳ್ರಿ ಅಜ್ಜಾರ" ಅನ್ನುತ್ತಾನೆ. ಅತ್ತಿಗೆ ಅದೇನೂ ಬೇಜಾರಲ್ಲ. "ಐವತ್ತ ವರ್ಷ ದನಿ ಕಾಯ್ದೀನ್ಲೇ ತಮ್ಮಾ, ಹಸುಗೂಸು ಕಾಯ್ದಂಗ. ಇನ್ನ ಅದು ದೊಡ್ಡದಾತು, ಬೇಕಾದಲ್ಲಿ ಅಡ್ಡಾಡ್ಲಿ" ಅನ್ನುತ್ತಾರೆ.

ನಾನು ಧಾರವಾಡದಲ್ಲಿ ಭಾಷಾವಿಜ್ಞಾನ ಓದಿದವನು. ಓದಿನಿಂದ ಬಂದದ್ದು ಮುಖ್ಯವಾಗಿ ಒಂದು ಕೆಟ್ಟ ಚಟ. ಯಾರೇ ಮಾತಾಡಲಿ, ಏನು ಹೇಳಿದರು ಎನ್ನುವುದು ತಲೆಗೆ ಹೋಗುವುದಿಲ್ಲ, ಹೇಗೆ ಹೇಳಿದರು ಎನ್ನುವುದು ಮಾತ್ರ ಹೋಗುತ್ತದೆ. ಹೆಂಡತಿ ಇದನ್ನು ಬೇರೆ ಮಾತಿನಲ್ಲಿ ಹೇಳುತ್ತಾಳೆ. ಹೀಗಾಗಿ ಅತ್ತಿಗಾಗಿ ಅಭಿನಂದನ ಗ್ರಂಥ ತರಲು ಹೊರಟ ಸಮಿತಿಯವರು ನನ್ನಿಂದ ಒಂದು ಲೇಖನ ಕೇಳಿದಾಗ, ಅವರ ಹಾಡಿನ ಬಗ್ಗೆ ಬಲ್ಲವರು ಬರೆಯಲಿ, ನಾನು ಅವರ ಮಾತಿನ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡೆ.

ನನ್ನ ವಾದ ಸರಳವಾಗಿತ್ತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅತ್ತಿ ಪುಣೆಯಿಂದ ಬಂದವರು ನಮ್ಮ ಸಾಲಿಗೆ, ಅಂದರೆ ಶಾಲೆಗೆ, ಭೇಟಿ ಕೊಟ್ಟಿದ್ದರು. ಬೇವಿನ ಗಿಡದ ಕೆಳಗೆ ನಿಂತು, ನೀಲಿ ಅಂಚಿನ ಬಿಳಿ ಸೀರೆ ಉಟ್ಟು, "ಮಕ್ಕಳೇ, ಸಂಗೀತವೆಂಬುದು ಒಂದು ತಪಸ್ಸು" ಎಂದು ಅಚ್ಚ ಪುಸ್ತಕದ ಕನ್ನಡದಲ್ಲಿ ಶುರುಮಾಡಿದ್ದರು. ಆ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. ಈಗ ಅದೇ ಅತ್ತಿ ಎಮ್ಮೆಗೆ ಬೈಯುವ ಮಾತಿನಲ್ಲಿ ಪುಸ್ತಕದ ಗಾಳಿಯೂ ಇಲ್ಲ. ಅಂದರೆ ಹೆಸರು ಬಂದಾಗ ಊರಿನ ಮಾತು ಬಿಟ್ಟುಹೋಯಿತು, ಮುಪ್ಪು ಬಂದಾಗ ತಿರುಗಿ ಬಂತು. ಹಾಗೆಂದು ಬರೆದೆ. ಚೆನ್ನಾಗಿಯೇ ಬರೆದಿದ್ದೆ.

ಒಂದು ರವಿವಾರ, ನಾನು ಈಗ ಇರುವ ಹುಬ್ಬಳ್ಳಿಯಿಂದ ಊರಿಗೆ ಬಂದು, ಪಡಸಾಲೆಯ ಜಮಖಾನದ ಮೇಲೆ ಕೂತು ಅತ್ತಿಗೆ ಓದಿ ತೋರಿಸಿದೆ. ಆ ಸಾಲು ಬಂದಾಗ ಅತ್ತಿ ಎಲೆ ಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿದರು.

"ಅದನ್ನ ತಗದು ಹಾಕು."

"ಯಾಕ್ರಿ ಅತ್ತಿ? ಬೈದಿಲ್ಲಲ್ರಿ."

"ನಾ ಎಂದೂ ಹಂಗ ಮಾತಾಡಿಲ್ಲ. ನಮ್ಮವ್ವ ಕಲಿಸಿದ ಮಾತು, ಹೋಗೂವಾಗ ಹೆಂಗ ಒಯ್ದೆನೋ ಹಂಗ ತಂದೀನಿ."

"ನಾ ಕೇಳೇನ್ರಿ. ಸಾಲ್ಯಾಗ, ಬೇವಿನ ಗಿಡದ ಬುಡಕ."

"ನೀ ಆಗ ಮೂಗಿನ ಸಿಂಬಳ ಒರಿಸ್ಕೊಳ್ಳಾಕ ಬರದಂವ. ನನ್ನ ಮಾತು ನೆಪ್ಪಿಟ್ಟೀಯೇನ್ಲೇ?"

ಅವರು ನಗುತ್ತ ಹೇಳಿದರೂ ಮುಖ ಬಿಗಿದಿತ್ತು. ಸಣ್ಣ ಸಾಲಿಗೆ ಇಷ್ಟು ಸಿಟ್ಟು ಯಾಕೆ ಎಂದು ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ಅತ್ತಿಯ ತಮ್ಮ, ಅಂದರೆ ನಾನು ಕಾಕಾ ಎಂದು ಕರೆಯುವವರು, ಆ ಕಾಲದಲ್ಲಿ ಹೊಸದಾಗಿ ಟೇಪ್ ರೆಕಾರ್ಡರ್ ಕೊಂಡು, ಅಕ್ಕ ಊರಿಗೆ ಬಂದಾಗ ಕೆಮ್ಮಿದ್ದನ್ನೂ ಬಿಡದೆ ರೆಕಾರ್ಡ್ ಮಾಡುತ್ತಿದ್ದುದು ಊರಿಗೇ ಗೊತ್ತು. ಅವರ ಟ್ರಂಕಿನಲ್ಲಿ, ಹೊಲದ ಕಾಗದಪತ್ರಗಳ ಕೆಳಗೆ, ಆ ಕ್ಯಾಸೆಟ್ ಸಿಕ್ಕಿತು. ಮೇಲೆ ಕಾಕಾನ ಅಕ್ಷರದಲ್ಲಿ "ಅಕ್ಕ, ಸಾಲಿ" ಎಂದಿತ್ತು. ಸಾಕ್ಷಿ ಕೈಗೆ ಬಂದಿತ್ತು, ಕೇಳಿಸುವ ಯಂತ್ರ ಇರಲಿಲ್ಲ.

ಮರುವಾರ ನವಲಗುಂದಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಬಾಜು ಒಬ್ಬ ರೇಡಿಯೊ ರಿಪೇರಿಯವನಿದ್ದಾನೆ. ಈಗ ಮೊಬೈಲ್ ರಿಪೇರಿ ಮಾಡುತ್ತಾನೆ. ಅಟ್ಟದಿಂದ ಒಂದು ಹಳೆಯ ಟೇಪ್ ರೆಕಾರ್ಡರ್ ಇಳಿಸಿ, ಧೂಳು ಊದಿ, "ಇದನ್ನ ತಿರುಗಿ ತಂದ ಕೊಡ್ರಿ ಸರ, ನಮ್ಮ ಅಪ್ಪಂದು" ಎಂದು ಕೊಟ್ಟ. ಕ್ಯಾಸೆಟ್ಟಿನ ಟೇಪು ಸಡಿಲಾಗಿತ್ತು. ಪೆನ್ಸಿಲ್ ತೂರಿಸಿ ತಿರುವಿ ಬಿಗಿಮಾಡಿದ. ಅಲ್ಲಿಯೇ ಹಾಕಿ ಕೇಳಬಹುದಿತ್ತು. ಅತ್ತಿಯ ಎದುರಿಗೇ ಗೆಲ್ಲಬೇಕೆಂಬ ಆಸೆಗೆ ಕೇಳದೆ ಊರಿಗೆ ತಂದೆ.

ಅತ್ತಿಯ ಮನೆಗೆ ಬಂದಾಗ ಅವರು ಸ್ನಾನಕ್ಕೆ ಹೋಗಿದ್ದರು. ಕಾಕಾನ ಹೆಂಡತಿ, ನಮ್ಮ ಕಾಕಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಬಡಿಯುವುದು ನಿಲ್ಲಿಸಿದರು.

"ಅಕ್ಕಾರ ಮುಂದ ಅದನ್ನ ಹಚ್ಚಬ್ಯಾಡೋ ತಮ್ಮಾ."

"ಯಾಕ ಕಾಕಿ?"

"ಫೋನಿನ ಸುದ್ದಿ ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಕಾಕಿ ಮದುವೆಯಾಗಿ ಬಂದ ವರ್ಷದ ಮಾತು, ಅತ್ತಿ ನಮ್ಮ ಸಾಲಿಗೆ ಬಂದುಹೋದ ವರ್ಷವೂ ಅದೇ. ಆಗ ಓಣಿಯಲ್ಲಿ ಫೋನು ಇದ್ದದ್ದು ಹತ್ತಿ ವ್ಯಾಪಾರಿಯ ಮನೆಯಲ್ಲಿ ಮಾತ್ರ. ಪುಣೆಯಿಂದ ಅತ್ತಿ ಟ್ರಂಕ್ ಕಾಲ್ ಮಾಡಿದ್ದರು. ಮೊದಲ ಸಲ, ಅವ್ವನ ಹತ್ತಿರ ಮಾತಾಡಲೆಂದೇ. ವ್ಯಾಪಾರಿಯ ಮನೆಯವರು ಓಡಿ ಬಂದು ಕರೆದರು. ಅತ್ತಿಯ ಅವ್ವ ಹಂಚಿನ ಮೇಲಿನ ರೊಟ್ಟಿ ಸೊಸೆಗೆ ಒಪ್ಪಿಸಿ, ಸೆರಗಿಗೆ ಕೈ ಒರೆಸುತ್ತ ಹೋದರು. ರಿಸೀವರ್ ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಇಲ್ರಿ ಬಾಯಾರ, ನೀವು ಯಾರೋ ದೊಡ್ಡ ಮನೀಯವ್ರು. ನನ್ನ ಮಗಳು ಹಿಂಗ ಮಾತಾಡೂದಿಲ್ರಿ" ಎಂದು ಇಟ್ಟುಬಿಟ್ಟರು. ಎರಡನೆಯ ಸಲ ಕರೆ ಬಂದಾಗ ಎದ್ದು ಹೋಗಲಿಲ್ಲ. "ಆ ಬಾಯಾರಿಗೆ ಹೇಳ್ರಿ, ತಪ್ಪ ಮನಿಗೆ ಹಚ್ಯಾರ ಅಂತ" ಎಂದರು.

"ಮತ್ತ ಮನ್ಯಾಗ ಎಲ್ಲಾರೂ ಏನಂದ್ರು?" ಎಂದೆ.

"ಏನಂತಾರ? ಮುದಿಕೀಗೆ ಕಿವಿ ಹೋದುವು ಅಂದ್ರು. ಅಕ್ಕಾರೂ ಹಂಗ ಅಂದ್ರು. ನಿಮ್ಮ ಕಾಕಾ ಅಂತೂ ಅವತ್ತಿನಿಂದ ಅವ್ವನ ಕೂಡ ಒದರೇ ಮಾತಾಡಿದ್ದು."

ಇದು ನನಗೂ ನೆನಪಿತ್ತು. ಅಥವಾ ನೆನಪಿದೆ ಎಂದು ಅಂದುಕೊಂಡಿದ್ದೇನೆ. ಆ ಅಜ್ಜಿಯ ಎದುರು ನಿಂತು ನಾವು ಹುಡುಗರೆಲ್ಲ ಕೈಯನ್ನು ಬಾಯಿಗೆ ಹಿಡಿದು ಕೂಗುತ್ತಿದ್ದೆವು. "ಮೆಲ್ಲಕ ಮಾತಾಡ್ರೋ, ನನಗ ಕೇಳಸ್ತೈತಿ" ಎಂದು ಅವರು ಅನ್ನುತ್ತಿದ್ದುದು ನಮಗೆ ಇನ್ನೊಂದು ತಮಾಷೆ.

ಈಗ ಅತ್ತಿಯ ಸಿಟ್ಟು ಅರ್ಥವಾಯಿತು. ಅವರ ಮಾತು ಎಂದೂ ಬದಲಾಗಿಲ್ಲವಾದರೆ, ತಪ್ಪು ಅವ್ವನ ಕಿವಿಯದು, ಅಥವಾ ಲೈನಿನದು. ಬದಲಾಗಿತ್ತೆಂದರೆ, ಹೆತ್ತವಳಿಗೂ ಗುರುತು ಸಿಗದಷ್ಟು ದೂರ ಹೋದದ್ದು ಅವರೇ. ನಾನು ಗೆಲ್ಲಲು ಹೊತ್ತು ತಂದ ಯಂತ್ರ ಕಾಲಿನ ಬಳಿ ಕೂತಿತ್ತು.

ಅತ್ತಿ ಕೂದಲು ಒರೆಸುತ್ತ ಹೊರಗೆ ಬಂದು ಯಂತ್ರ ನೋಡಿದರು. "ಏನಾತು ನಿನ್ನ ಕೋರ್ಟು?"

"ಟೇಪ್ ಕೆಟ್ಟೈತ್ರಿ ಅತ್ತಿ. ಬರೇ ಗರಗರ ಅಂತೈತಿ."

ಅವರು ನನ್ನನ್ನೇ ನೋಡಿದರು. "ಸುಳ್ಳು ಹೇಳೂವಾಗ ನಿನ್ನ ದನಿ ಅರ್ಧ ಸ್ವರ ಮ್ಯಾಲ ಏರತೈತಿ ನೋಡು. ಸಣ್ಣಾವಿದ್ದಾಗಿಂದ ಹಂಗ. ಹಚ್ಚು."

"ಬ್ಯಾಡ್ರಿ."

"ಹಚ್ಚಂದ್ರ ಹಚ್ಚೋ. ನಾ ಏನ ನಿನ್ನಂಗ ಅಂಜಬುರಕಿ?"

ಹಚ್ಚಿದೆ. ಗರಗರ ಖರೆಯೇ ಇತ್ತು, ಆದರೆ ಅದರ ನಡುವೆ ಮಾತು ಸ್ಪಷ್ಟವಾಗಿತ್ತು. ಮೊದಲು ಕೇಳಿದ್ದು, "ಮಕ್ಕಳೇ, ಸಂಗೀತವೆಂಬುದು ಒಂದು ತಪಸ್ಸು." ನನ್ನ ಸಾಲು, ಅಕ್ಷರಕ್ಕೆ ಅಕ್ಷರ. ಆದರೆ ದನಿ ಗಂಡಸಿನದು. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಹೆಡ್ ಮಾಸ್ತರರು ಸ್ವಾಗತ ಭಾಷಣ ಮಾಡುತ್ತಿದ್ದರು.

ಕಾಕಿ ಒಳಗಿನಿಂದಲೇ ಕಿಸಕ್ಕನೆ ನಕ್ಕರು. "ಇವ್ರೇನೋ ನಿಮ್ಮ ಅತ್ತಿ? ಮೀಸಿ ಇದ್ದುವಲ್ಲೋ ಇವ್ರಿಗೆ!"

ನಲವತ್ತು ವರ್ಷಕ್ಕೂ ಮೇಲೆ ನಾನು ಒಬ್ಬ ಮೀಸೆಯ ಮನುಷ್ಯನ ಮಾತನ್ನು ನೀಲಿ ಅಂಚಿನ ಸೀರೆಯವರ ಬಾಯಲ್ಲಿ ಇಟ್ಟುಕೊಂಡು ತಿರುಗಿದ್ದೆ. ಆ ಸೀರೆಗೆ ನೀಲಿ ಅಂಚು ಇತ್ತೇ ಎಂದು ಈಗ ಕೇಳಿದರೆ ಆಣೆ ಮಾಡಲಾರೆ. ಗಿಡ ಬೇವಿನದೇ ಎಂದೂ ಹೇಳಲಾರೆ. ಸೋತೆನಲ್ಲ ಎಂದು ನನಗೆ ನಿಜವಾಗಿ ಹಗುರವಾಯಿತು. ಬಂದ್ ಮಾಡಲು ಕೈ ಚಾಚಿದೆ.

"ತಡಿ," ಅಂದರು ಅತ್ತಿ.

ಚಪ್ಪಾಳೆ ಮುಗಿಯಿತು. ಆಮೇಲೆ ಒಂದು ಹೆಣ್ಣುದನಿ, ಮೆತ್ತಗೆ, ಎಳೆಎಳೆಯಾಗಿ, ಗಂಟಲಿಗೆ ನೋವಾಗದ ಹಾಗೆ: "ಹಾಂ, ತರ... ಮಕ್ಕಳೇ, ನಿಮಗೆ ಗಾಣಾ ಆವಡತದ ನಾ? ಛಾನ್, ಛಾನ್! ಪಣ ರೋಜ್ ಅಭ್ಯಾಸ ಮಾಡಾಯಲಾ ಬೇಕು, ಹಾಂ?"

ಹಾಡು ಇಷ್ಟವೇ, ಭೇಷ್, ಆದರೆ ದಿನಾ ಅಭ್ಯಾಸ ಮಾಡಬೇಕು ಎಂದಷ್ಟೇ ಹೇಳಿದ್ದು, ಕನ್ನಡಕ್ಕೆ ಮರಾಠಿಯ ಸೀರೆ ಉಡಿಸಿದ ಹಾಗಿತ್ತು. ರಾಗವೂ ಪುಣೆಯದೇ, ಪ್ರತಿ ಮಾತಿನ ಕೊನೆ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಟೇಪಿನಲ್ಲಿ ಒಬ್ಬ ಹುಡುಗ ಖಿಕ್ಕೆಂದು ನಕ್ಕ. ಅವನ ಹಿಂದೆ ಇಡೀ ವರ್ಗ ನಕ್ಕಿತು. ಮೊದಲು ನಕ್ಕವನು ನಾನೇ ಇರಬಹುದು. ಇಲ್ಲದೆಯೂ ಇರಬಹುದು. ಈ ವಿಷಯದಲ್ಲಿ ನನ್ನ ಸಾಕ್ಷಿಗೆ ಬೆಲೆ ಎಷ್ಟೆಂದು ಆಗಲೇ ತಿಳಿದಿತ್ತು.

ಅತ್ತಿ ಅಲುಗಾಡದೆ ಕೇಳಿದರು. ಮುಗಿದ ಮೇಲೆ, "ಇನ್ನೊಮ್ಮೆ" ಅಂದರು. ಇನ್ನೊಮ್ಮೆ ಹಚ್ಚಿದೆ. ಈ ಸಲ ಅವರು ತಲೆ ಒಂದು ಕಡೆ ವಾಲಿಸಿ, ಶಿಷ್ಯರ ಹಾಡು ಕೇಳುವವರ ಹಾಗೆ ಕೇಳಿದರು. ಆಮೇಲೆ ನಗಲು ಶುರುಮಾಡಿದರು. ಮೊದಲು ಹೆಗಲು ಅಲುಗಿತು, ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಯಾರ ಈಕಿ? ಎವ್ವಾ, ಯಾರ ಮನಿ ಬಾಯಾರ ಈಕಿ!"

"ಬಾಯಾರ, ಗಾಣಾ ಆವಡತದ ನಾ?" ಎಂದು ಕಾಕಿ ಒಲೆಯ ಮುಂದಿನಿಂದ ಅದೇ ರಾಗದಲ್ಲಿ ಕೂಗಿದರು.

"ಸುಮ್ಕಿರ ನೀ, ಛಾನ್!" ಎಂದು ಅತ್ತಿ ಮತ್ತೆ ನಕ್ಕು, ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡವರು ಟವೆಲ್ಲನ್ನು ಸ್ವಲ್ಪ ಹೊತ್ತು ಮುಖದ ಮೇಲೆಯೇ ಹಿಡಿದಿದ್ದರು. ಇಳಿಸಿದಾಗ ನಗು ಹೋಗಿತ್ತು.

"ಅವ್ವನ ಕಿವಿ ಚಲೋನ ಇದ್ದುವು," ಅಂದರು.

ಕಾಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ನಾ ಅವತ್ತ ಹೇಳೇನಿ. ನಾ ಒಳಗ ಸಣ್ಣಕ ಬೈಕೊಂಡ್ರ ಅವ್ವಾರು ಅಂಗಳದಾಗ ಕುಂತ ಉತ್ತರ ಕೊಡತಿದ್ರು. ಹೊಸದಾಗಿ ಬಂದ ಸೊಸಿ ಮಾತು ಯಾರ ಕೇಳ್ತಾರ?"

"ನಾ ಸುದ್ದಾ ಕಿವುಡಿ ಅಂದ್ನೆಲ್ಲಾ," ಎಂದರು ಅತ್ತಿ. "ಸಾಯೂತನಕ ಅಂದ್ವಿ. ಊರಾಗ ಸ್ವರದ ಗುರ್ತು ಇದ್ದಾಕಿ ಅಕಿ ಒಬ್ಬಾಕಿ ಇದ್ಲು, ಅಕೀಗೆ ಕಿವುಡಿ ಅಂದ್ವಿ."

ನಾನು ಲೇಖನ ಹೊರಗೆ ತೆಗೆದು, ತಪಸ್ಸಿನ ಸಾಲು ಹೊಡೆದುಹಾಕಿದೆ. ಇಡೀ ಪುಟವನ್ನೇ ತೆಗೆಯುತ್ತೇನೆ, ಸಮಿತಿಯವರಿಗೆ ಬೇರೆ ಏನಾದರೂ ಬರೆದುಕೊಡುತ್ತೇನೆ ಎಂದೆ.

"ತಗೀಬ್ಯಾಡ. ಬರಿ. ನನ್ನ ಮಾತು ಕೆಟ್ಟಿತ್ತು ಅಂತ ಬರಿ."

"ಕೆಟ್ಟಿತ್ತು ಅನ್ನಬಾರದ್ರಿ ಅತ್ತಿ, ಭಾಷಾವಿಜ್ಞಾನದಾಗ ಹಂಗ..."

"ನಿನ್ನ ವಿಜ್ಞಾನ ಹೆಡ್ ಮಾಸ್ತರ ಮೀಸಿ ಸುದ್ದಾ ಕಾಣಲಿಲ್ಲ. ನಾ ಹೇಳಿದಂಗ ಬರಿ. ಪುಣೇಕ ಹೋದ ಮ್ಯಾಲ ಈಕಿ ಮಾತು ಬ್ಯಾರೆ ಆತು. ಅವ್ವಗ ಗುರ್ತು ಹತ್ತಲಿಲ್ಲ. ಲೈನ್ ಸರಿ ಇತ್ತು. ಅವ್ವನ ಕಿವಿ ಸರಿ ಇದ್ದುವು."

ಹಾಗೆಯೇ ಬರೆದುಕೊಂಡೆ. ಓದಿಸಿದರು. ಒಂದು ಕಡೆ ನಾನು 'ಬಹುಶಃ' ಸೇರಿಸಿದ್ದೆ, ರೂಢಿಯಿಂದ. ಅದನ್ನು ತೆಗೆಸಿದರು.

ಅಷ್ಟರಲ್ಲಿ ಕಾಕಾ ಹೊಲದಿಂದ ಬಂದು, ಕಾಲು ತೊಳೆದು, ಕಟ್ಟೆಯ ಮೇಲೆ ಕೂತರು. ಹಳೆಯ ಟೇಪ್ ರೆಕಾರ್ಡರ್ ನೋಡಿ ಖುಷಿಯಾಗಿ ಅದರ ಮೈ ಸವರಿದರು.

"ಅವಗೂ ಓದು," ಅಂದರು ಅತ್ತಿ. "ಎಲ್ಲಾರಕಿಂತ ಹೆಚ್ಚು ಒದರಿದಾಂವ ಅವನ."

ಕಾಕಾನಿಗೆ ಎರಡು ವರ್ಷದಿಂದ ಖರೆಯೇ ಕಿವಿ ಮಂದ. ನಾನು ಓದಿದೆ. ಅವರು ಕೈಯನ್ನು ಕಿವಿಗೆ ಹಿಡಿದು "ಆಂ?" ಎಂದರು. ಇನ್ನಷ್ಟು ಜೋರಾಗಿ ಓದಿದೆ. "ಆಂ? ಯಾರ ಕಿವಿ?"

ನಾನು ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, "ಅವ್ವನ ಕಿವಿ ಸರಿ ಇದ್ದುವು" ಎಂದು ಇಡೀ ಓಣಿಗೆ ಕೇಳಿಸುವ ಹಾಗೆ ಒದರಿದೆ. ಚಾದಂಗಡಿಯಲ್ಲಿ ಕೂತಿದ್ದವರು ತಿರುಗಿ ನೋಡಿದರು. ಅತ್ತಿ ಚಾದಂಗಡಿಯ ಕಡೆಗೆ ಕೈ ಮಾಡಿ, ಇನ್ನೊಮ್ಮೆ ಎಂದು ನನಗೆ ಸನ್ನೆ ಮಾಡಿದರು.