ಕೇಸರಿಬಾತ್ ಕಲೆ ಮತ್ತು ನಮ್ಮಮ್ಮನ ಅಬ್ಜೆಕ್ಷನ್

ಮೊನ್ನೆ ಭಾನುವಾರ ನಮ್ಮ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಎದುರು ನಮ್ಮಮ್ಮ ಟೀಪಾಯಿ ಗುದ್ದಿ, "ಅಬ್ಜೆಕ್ಷನ್!" ಎಂದು ಕೂಗಿಬಿಟ್ಟರು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಈ ಒಂದು ಪದ ಕಲಿಸಿದ್ದು ವಿಡಿಯೋ ಗೇಮ್.

ಮಗಳು ಸಿಂಚನ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ. ಈಚೆಗೆ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ತಂದಳು. (ಓಲೆ ತಗೋಬಾರದಿತ್ತಾ ಅಂತ ಹೆಂಡತಿ ಗೊಣಗಿದಳು.) ಅದರಲ್ಲೊಂದು ಕೋರ್ಟ್ ಆಟ. ಯಾರದೋ ಕೊಲೆಯಾಗಿರುತ್ತದೆ. ನೀವೇ ಲಾಯರ್. ಸಾಕ್ಷಿಗಳು ಕಟಕಟೆಗೆ ಬಂದು ಕಥೆ ಹೊಡೆಯುತ್ತಾರೆ. ಸುಳ್ಳು ಹೇಳಿದ ಕಡೆ ಸರಿಯಾದ ಪುರಾವೆ ತೋರಿಸಿ ಬಟನ್ ಒತ್ತಿದರೆ, ಪರದೆಯ ಮೇಲಿನ ಲಾಯರ್ "ಅಬ್ಜೆಕ್ಷನ್!" ಎಂದು ಕೂಗಿ ಮೇಜು ಗುದ್ದುತ್ತಾನೆ.

ಕಣ್ಣಿನ ಪೊರೆ ಆಪರೇಷನ್‌ಗೆಂದು ದಿಬ್ಬೂರಹಳ್ಳಿಯಿಂದ ಬಂದ ಅಮ್ಮ ಗೌರಿಬಿದನೂರಿನ ನಮ್ಮ ಮನೆಯಲ್ಲೇ ಉಳಿದಿದ್ದರು. ಮೊಮ್ಮಗಳು ಸಾಕ್ಷಿಗಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದು, ಅಜ್ಜಿ ಕಳ್ಳನನ್ನು ಹಿಡಿಯುವುದು. "ಮಳೇಲಿ ಓಡ್ಬಂದೆ ಅಂತಾನೆ. ಚಪ್ಲಿ ನೋಡಿದ್ರೆ ಒಣಗೈತಲ್ಲೇ! ಒತ್ತೇ ಬಟನ್ನು!" ಟಿವಿ ಸೀರಿಯಲ್ ಕೈಬಿಟ್ಟೇ ಹೋಯಿತು.

ಹೀಗಿರುವಾಗ ಚಿಂತಾಮಣಿಯ ಸಂಬಂಧ ಬಂತು. ಹುಡುಗ ಇಂಜಿನಿಯರ್. ಫೋಟೋ ನೋಡಿ ಸಿಂಚನ "ಪರವಾಗಿಲ್ಲ" ಅಂದಳು. (ನಮ್ಮ ಮಗಳ ಬಾಯಲ್ಲಿ ಪರವಾಗಿಲ್ಲ ಅಂದರೆ ಫಸ್ಟ್ ಕ್ಲಾಸ್.) ಹೆಂಡತಿ ಮನಸ್ಸಿನಲ್ಲೇ ಛತ್ರ ಬುಕ್ ಮಾಡಿಬಿಟ್ಟಳು. ಎಲ್ಲರ ಮನೆಯಲ್ಲೂ ಉಪ್ಪಿಟ್ಟು ಕೇಸರಿಬಾತೇ ಅಲ್ಲವೇ ಎಂದು ಹೋಳಿಗೆ ಮಾಡಿದಳು.

ಬಂದರು. ಹುಡುಗ, ಅವನ ಅಪ್ಪ ಅಮ್ಮ, ಸೋದರಮಾವ. ಮಾತೆಲ್ಲ ಸೋದರಮಾವನದೇ.

"ಚಿಂತಾಮಣಿ ಬಿಟ್ಟವ್ರು ಸೀದಾ ನಿಮ್ಮನೇಗೇ ಬಂದ್ವಿ ನೋಡಿ. ದಾರೀಲಿ ಒಂದು ಲೋಟ ನೀರೂ ಮುಟ್ಟಿಲ್ಲ."

ಹಸಿದವರಿಗೆಂದು ಹೆಂಡತಿ ಹೋಳಿಗೆ ತಂದಿಟ್ಟಳು. ಯಾರೂ ಕೈ ಹಾಕಲಿಲ್ಲ. ಹುಡುಗ ತಟ್ಟೆ ನೋಡಿ ಸಣ್ಣಗೆ ತೇಗಿದ. ಆಗಲೇ ಟೀಪಾಯಿಗೆ ಗುದ್ದು ಬಿದ್ದಿದ್ದು.

"ನಿನ್ನ ಜೇಬಿನ ಮೇಲೆ ಏನಪ್ಪಾ ಅದು?" ಅಮ್ಮ ಹುಡುಗನನ್ನೇ ಕೇಳಿದರು.

ಬಿಳಿ ಶರ್ಟಿನ ಮೇಲೆ ಕಿತ್ತಳೆ ಬಣ್ಣದ ಕಲೆ.

"ಅದೇಂ ಲೇದಮ್ಮಾ, ಏನಿಲ್ಲ, ಕುಂಕುಮ ಇರ್ಬೇಕು," ಎಂದರು ಸೋದರಮಾವ.

"ಕುಂಕುಮದಲ್ಲಿ ಗೋಡಂಬಿ ಚೂರು ಇರ್ತದಾ? ಅದು ಕೇಸರಿಬಾತು. ನಮ್ಮನೇಲಿ ಮಾಡೇ ಇಲ್ಲ. ಇನ್ನೂ ಹಸೀಗೈತೆ. ಈ ಊರಲ್ಲೇ ಇನ್ಯಾರೋ ಮನೇಲಿ ತಿಂದ್ಕೊಂಡು ಬಂದಿದೀರ."

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನೇನು ಮಾಡಲಿ?

ಹುಡುಗ ಎದ್ದು ನಿಂತ. "ಹೌದಜ್ಜಿ. ಒಂದೇ ದಿನ ಎರಡೂ ಮುಗಿಸ್ಕೊಂಡು ಹೋಗಣ ಅಂದ್ರು ಮಾವ. ಈಗ್ತಾನೆ ಬಸ್‌ಸ್ಟ್ಯಾಂಡ್ ಹಿಂದಿನ ಬೀದೀಲಿ ಒಂದು ಹುಡುಗಿ ನೋಡಿದ್ವಿ." ಬೆವರು ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಸಿಂಚನಳ ಕಡೆ ತಿರುಗಿದ. "ತಪ್ಪು ತಿಳ್ಕೋಬೇಡಿ. ನಂಗೆ ಅವ್ರೇ ಇಷ್ಟ ಆದ್ರು. ಇಲ್ಲಿಗೆ ಬರೋದು ಬೇಡ ಅಂದೆ. ಮಾತು ಕೊಟ್ಟಾಗಿದೆ ಅಂತ ಕರ್ಕೊಂಡು ಬಂದ್ರು."

ಅವನಪ್ಪ ತಲೆ ತಗ್ಗಿಸಿದರು. ಸೋದರಮಾವ ಕಾರಿನ ಕೀಲಿಗೆ ಜೇಬು ತಡಕಿದರು.

"ಮತ್ತೆ ಇಲ್ಲ್ಯಾಕೆ ಕೂತಿದೀಯಪ್ಪಾ? ಆ ಮಗೂಗೆ ಹೋಗಿ ಹೇಳು," ಎಂದರು ಅಮ್ಮ. ಹೋಳಿಗೆಯನ್ನೂ ಕಟ್ಟಿ ಕಳಿಸಿದರು.

ಕಾರು ಹೊರಟ ಮೇಲೆ ಸಿಂಚನ ನಕ್ಕಳು. ಆಮೇಲೆ ತಟ್ಟೆ ಎತ್ತುತ್ತಾ ಅಂದಳು: "ಅಪ್ಪಾ, ಇಷ್ಟು ಜನ ಬಂದೋದ್ರು. ನಿಜ ಹೇಳಿದೋನು ಇವನೊಬ್ಬನೇ. ಅವನನ್ನೇ ಕಳಿಸಿಬಿಟ್ವಲ್ಲ!"

ಹೆಣ್ಣು ನೋಡುವ ಶಾಸ್ತ್ರದಲ್ಲಿ ಎಲ್ಲರೂ ಸಾಕ್ಷಿಗಳೇ. ಸಂಬಳ, ಎತ್ತರ, "ಹುಡುಗಿಗೆ ಅಡುಗೆ ಚೆನ್ನಾಗಿ ಬರುತ್ತೆ" (ಸಿಂಚನಳ ಬಗ್ಗೆ ನಾನೇ ಹೇಳುವುದು), ಎಲ್ಲದಕ್ಕೂ ಒಂದಿಷ್ಟು ಬಣ್ಣ. ನಿಜ ಹೇಳುವವನು ಸಿಕ್ಕರೆ ಅವನು ಬೇರೆಯವಳ ಪಾಲು.

ಹೀಗೆಲ್ಲ ಗಂಭೀರವಾಗಿ ಯೋಚಿಸುತ್ತಿದ್ದೆ. ಹೆಂಡತಿ ಬಂದು ಎದುರು ಕೂತಳು. "ಅಲ್ಲ ರೀ, ನೀವು ನನ್ನ ನೋಡೋಕೆ ಬಂದ ದಿನ ನಮ್ಮನೇಲೂ ಏನೂ ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದಿದ್ರಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಅದ್ನ ನನ್ನ ಕೇಳಮ್ಮಾ, ನಾನು ಹೇಳ್ತೀನಿ."

ಓದುಗರಲ್ಲಿ ಲಾಯರ್‌ಗಳಿದ್ದರೆ ದಯವಿಟ್ಟು ತಿಳಿಸಿ: ಹೆತ್ತ ತಾಯಿ ಮಗನ ವಿರುದ್ಧ ಸಾಕ್ಷಿ ಹೇಳದಂತೆ ತಡೆಯಲು ಯಾವುದಾದರೂ ಸೆಕ್ಷನ್ ಇದೆಯೇ?