ಶಕುಂತಲಾ ಸಿಸ್ಟರ್ ಬಿಟ್ಟುಹೋದ ಬ್ರೆಡ್ ಡಬ್ಬಿ

೧೯೭೬ರಲ್ಲಿ ನಾನು ಸವದತ್ತಿಯಲ್ಲಿದ್ದೆ. ಹುದ್ದೆ, ಮನೆಯ ಸೊಸೆ. ಸೇವೆಗೆ ಸೇರಿ ಆರು ವರ್ಷವಾಗಿತ್ತು. ತವರು ಬೈಲಹೊಂಗಲ. ಯಜಮಾನರು ಹೊಲಗಳನ್ನು ಅಳೆಯುವ ಸರ್ವೇಯರ್. ತಿಂಗಳಿಗೆ ಇಪ್ಪತ್ತು ದಿನ ತೊರಗಲ್ ಕಡೆಯ ಹಳ್ಳಿಗಳಲ್ಲೇ ಇರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಒಲೆಯ ಮುಂದೆ ಕಳೆದ ಇಷ್ಟು ವರ್ಷಗಳಲ್ಲಿ ಹೋಳಿಗೆ, ಕಡಬು ಎಷ್ಟು ಮಾಡಿದೆನೋ ಶಿವನಿಗೇ ಗೊತ್ತು. ನೆನಪಿನಿಂದ ಹೋಗದೆ ಉಳಿದದ್ದು ಮಾತ್ರ ಒಂದು ಡಬ್ಬಿ ಬ್ರೆಡ್ ತುಂಡು.

ಆ ವರ್ಷ ಆಷಾಢದಲ್ಲಿ ಅತ್ತೆಗೆ ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದರು. ಜ್ವರ ಬಿಟ್ಟಿತು, ಹಸಿವು ಮಾತ್ರ ಬರಲಿಲ್ಲ. ಗಂಜಿ ಕೊಟ್ಟರೂ ಬೇಡ, ಹಾಲಿನಲ್ಲಿ ನೆನೆಸಿದ ಬ್ರೆಡ್ ಕೊಟ್ಟರೂ ಬೇಡ. ಕೈಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ನನ್ನನ್ನು ಬಾಗಿಲ ಆಚೆ ಕರೆದು, “ಔಷಧದ ಕೆಲಸ ಮುಗದೈತವಾ. ಇನ್ನ ಹೊಟ್ಟಿಗಿ ಹೋಗಬೇಕು. ಹೋಗಲಿಲ್ಲಂದ್ರ ಉಳಿಯೂದ ಕಷ್ಟ” ಎಂದರು.

ಶಕ್ತಿಯ ಇಂಜೆಕ್ಷನ್ ಕೊಡಲು ದಿನಾ ಬೆಳಿಗ್ಗೆ ಎಂಟಕ್ಕೆ ದವಾಖಾನೆಯ ನರ್ಸ್ ಬರುತ್ತಿದ್ದರು. ಹೆಸರು ಶಕುಂತಲಾ, ಕಿತ್ತೂರಿನವರು. ಬುದ್ಧನ ಪಟಕ್ಕೆ ಹೂವಿಡುವ ಮನೆತನ. ಅವರ ಅಜ್ಜನ ಕಾಲದಲ್ಲಿ ಊರು ಅವರನ್ನು ಹೊರಗಿನ ಕೇರಿಯಲ್ಲಿಟ್ಟಿತ್ತು. ಅತ್ತೆ ಆ ಕಾಲವನ್ನು ಬಿಟ್ಟಿರಲಿಲ್ಲ. ಸಿಸ್ಟರ್ ಪಡಸಾಲೆಗೆ ಬಂದು ಸೂಜಿ ಚುಚ್ಚಬಹುದು. ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಬನ್ನಿ ಎಂದು ನಾನೂ ಅಂದವಳಲ್ಲ.

ಆಗ ಬ್ರೆಡ್ ಎಂದರೆ ಬೇನೆಯವರ ಆಹಾರ. ವಾರಕ್ಕೆ ಎರಡು ಸಲ ಧಾರವಾಡದ ಬಸ್ಸಿನಲ್ಲಿ ಬರುತ್ತಿತ್ತು. ಅತ್ತೆ ಮುಟ್ಟದೆ ಬಿಟ್ಟದ್ದು ಒಣಗಿ ಬಿರುಸಾಗಿತ್ತು. ಆಕಳಿಗೆ ಹಾಕಲು ಒಯ್ಯುತ್ತಿದ್ದಾಗ ಸಿಸ್ಟರ್ ತಡೆದರು.

“ಹಾಕಬ್ಯಾಡ್ರಿ ಅಕ್ಕಾರ. ಒಣಗಿದ್ದ ಛಲೋ ಇದಕ್ಕ. ನಮ್ಮ ಟ್ರೇನಿಂಗ್ ಹಾಸ್ಟೆಲಿನ್ಯಾಗ ಹುರದು ಸಲಾಡಿನ ಮ್ಯಾಲೆ ಹಾಕತಿದ್ರು, ಕ್ರೂಟಾನ್ ಅಂತಿದ್ರು. ಅವ್ವಾರ ನಾಲಿಗಿ ಸತ್ತೈತಿ. ಮೆತ್ತಂದು ಕೊಟ್ಟರ ಏಳೂದಿಲ್ಲ.”

ಸಲಾಡ್ ಎಂದರೆ ನಮ್ಮ ಪಚಡಿಯೇ. ಕುದಿಸಿ ಆರಿಸಿದ ನೀರಿನಲ್ಲಿ ಸೌತೆಕಾಯಿ, ಗಜ್ಜರಿ, ಮೆಂತ್ಯದ ಎಲೆ ತೊಳೆದು ಹೆಚ್ಚಿ, ಶೇಂಗಾ ಪುಡಿ, ಉಪ್ಪು, ನಿಂಬೆರಸ ಹಾಕಿದೆ. ಬ್ರೆಡ್ಡನ್ನು ಹೆಬ್ಬೆರಳ ಉಗುರಿನಷ್ಟು ತುಂಡು ಮಾಡಿ, ತುಪ್ಪ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಪುಡಿ, ಚೂರು ಖಾರಪುಡಿಯಲ್ಲಿ ಹುರಿದೆ. ಅವಸರಕ್ಕೆ ಉರಿ ದೊಡ್ಡದಾಗಿ ಅರ್ಧ ಕರಕಲಾಯಿತು. ಉಳಿದದ್ದನ್ನು ಪಚಡಿಗೆ ಕಲಸಿ ಇಟ್ಟೆ. ಆದರೆ ಅತ್ತೆ ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವರಲ್ಲ. ನಿತ್ರಾಣದಲ್ಲಿ ಪೂಜೆ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಒಂದು ತುತ್ತು ತಿಂದು ತಾಟು ಸರಿಸಿದರು.

“ಇದೇನ ನೀಲವ್ವಾ, ತೊಯ್ದ ಅರಿವಿ ಬಾಯಾಗಿಟ್ಟಂಗ ಆತು.”

ಮರುದಿನ ಹೇಳಿದರೆ ಸಿಸ್ಟರ್ ನಕ್ಕರು. “ನಿಮ್ಮ ಪೂಜಿ ಮುಗಿಯೂತನಕ ಅದೇನ ಕಾಯ್ಕೋತ ಕುಂಡ್ರತೈತೇನ್ರಿ? ಉಣ್ಣಾವ್ರು ಕುಂತ ಮ್ಯಾಲೆ ಹಾಕಬೇಕು.” ನನ್ನಲ್ಲಿ ಬ್ರೆಡ್ ಮುಗಿದಿತ್ತು, ಬಸ್ಸಿಗೆ ಇನ್ನೂ ಎರಡು ದಿನ. ಮಾರನೆಯ ಬೆಳಿಗ್ಗೆ ಅವರೇ ತಮ್ಮ ಮನೆಯಲ್ಲಿ ಹುರಿದು, ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿಕೊಂಡು ಬಂದರು. ಮುಚ್ಚಳದ ಮೇಲೆ ಅವರ ಹೆಸರು ಕೊರೆಸಿತ್ತು.

ನಮ್ಮ ತಾಟಿಗೆ ಸುರಿದು ಸುಮ್ಮನಿದ್ದರೆ ಅತ್ತೆಗೆ ತಿಳಿಯುತ್ತಿರಲಿಲ್ಲ. ಆದರೆ ಆಗಷ್ಟೇ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿದ್ದವರ ಮುಂದೆ ನನಗೆ ಸುಳ್ಳು ಬರಲಿಲ್ಲ.

“ಅತ್ತಿ, ಇವು ಸಿಸ್ಟರ್ ಅವರ ಮನ್ಯಾಗ ಮಾಡಿದ್ದು.”

ಅತ್ತೆ ಗೋಡೆಯ ಕಡೆ ಹೊರಳಿದರು. “ಹಂಗಾರ ಬ್ಯಾಡ ಬಿಡು.”

ಸಿಸ್ಟರ್ ಸೂಜಿ ಕುದಿಸುತ್ತಿದ್ದರು. ತಲೆ ಎತ್ತದೆ ಅಂದರು, “ಸೂಜಿ ನಡೀತೈತಿ ಅವ್ವಾರ, ಬ್ರೆಡ್ ನಡಿಯೂದಿಲ್ಲ.”

“ಸೂಜಿ ತೋಳಿಗಿ ಹೋಗತೈತಿ. ಇದು ಹೊಟ್ಟಿಗಿ.”

“ಕಡೀಕ ಎರಡೂ ರಕ್ತಕ್ಕ ಹೋಗತಾವ್ರಿ.” ಹೀಗೆಂದು ಒಂದು ತುಂಡು ತಮ್ಮ ಬಾಯಿಗೆ ಹಾಕಿಕೊಂಡರು. ಕರಂ ಎಂದಿತು. ಇನ್ನೊಂದು. ಒಣಗಿದ ಕಟಕ ರೊಟ್ಟಿ ಮುರಿದಂಥ ಸದ್ದು. ಗೋಡೆಗೆ ಮುಖ ಮಾಡಿದ್ದ ಅತ್ತೆಯ ಗಂಟಲು ಆಡಿದ್ದನ್ನು ನಾನು ಕಂಡೆ. ಒಂದು ತಿಂಗಳ ಮೇಲೆ ಅವರ ಬಾಯಲ್ಲಿ ನೀರೂರಿತ್ತು. ಮೂರನೆಯ ತುಂಡಿಗೆ ಅತ್ತೆ ಈ ಕಡೆ ಹೊರಳಿದರು.

“ಎಲ್ಲಾ ನೀನ ತಿಂತಿ ಏನ ನರ್ಸಬಾಯಿ? ನೀಲವ್ವಾ, ಒಂದ ಹಾಕು, ನೋಡೂನು.”

ಏಳು ತುಂಡು ತಿಂದರು. ಅದರ ಜೊತೆಗೆ ಅರ್ಧ ಬಟ್ಟಲು ಪಚಡಿ. ಸಿಸ್ಟರ್ ಹೋದ ಮೇಲೆ ನಾನು ದೇವರ ಮುಂದೆ ಕುಳಿತು ಬಹಳ ಹೊತ್ತು ಏಳಲಿಲ್ಲ.

ಅಲ್ಲಿಂದ ದಿನಾ ನಾನೇ ಮಾಡಿದೆ. ತುಂಡುಗಳನ್ನು ಅರ್ಧ ದಿನ ಬಿಸಿಲಿಗಿಡುವುದು. ಇದ್ದಿಲ ಶೇಗಡಿಯ ಕೆಂಡ ಬೂದಿ ಮುಚ್ಚಿಕೊಂಡ ಮೇಲೆ ತವೆ ಇಡುವುದು. ನಾಲ್ಕು ಹೋಳು ಬ್ರೆಡ್ಡಿಗೆ ಎರಡು ಚಮಚ ತುಪ್ಪ. ಕೈ ಬಿಡದೆ ಹದಿನೈದು ನಿಮಿಷ ಆಡಿಸುವುದು. ಪೂರ್ತಿ ಆರಿದ ಮೇಲೆಯೇ ಡಬ್ಬಿ. ಸಿಸ್ಟರ್ ಹೊಸ್ತಿಲ ಆಚೆ ನಿಂತು ಒಂದು ತುಂಡು ಕಡಿದು, “ಇನ್ನ ಎರಡ ನಿಮಿಷ ಬೇಕಾಗಿತ್ತ್ರಿ” ಎಂದೋ, “ಇವತ್ತ ಪಾಸ್” ಎಂದೋ ಹೇಳುತ್ತಿದ್ದರು. ಮನೆಗೆಲಸಕ್ಕೆ ಶಭಾಸ್ ಅನ್ನುವವರು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಎಂಟು ಯಾವಾಗ ಆದೀತೋ ಎಂದು ಕಾಯುವಂತಾಯಿತು.

ಹನ್ನೊಂದನೆಯ ದಿನ ಅತ್ತೆ ತಾವೇ ಎದ್ದು ಹಿತ್ತಲಿಗೆ ಹೋಗಿ ಬಂದರು. ಆ ಸಂಜೆ ಅಂದರು, “ಆ ನರ್ಸಬಾಯಿನ್ನ ಒಳಗ ಕರಿ ನೀಲವ್ವಾ. ನಮ್ಮ ಜೋಡಿ ಕುಂತ ಉಣ್ಣಲಿ.”

ಅಷ್ಟು ಹಿರಿಯರೇ ಹೇಳಿದ ಮೇಲೆ ಮರುದಿನವೇ ಕರೆಯಬೇಕಿತ್ತು. ನಾನು ಶ್ರಾವಣ ಸೋಮವಾರ ಬರಲಿ, ಹೋಳಿಗೆ ಮಾಡಿಯೇ ಕರೆಯೋಣ ಎಂದೆ. ಯಜಮಾನರು ಬರಲಿ, ಒಂದು ಮಾತು ಕೇಳೋಣ ಎಂದೆ. ಓಣಿಯವರು ಏನು ಅಂದಾರೋ ಎಂಬ ಅಂಜಿಕೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಸೋಮವಾರಕ್ಕೆ ನಾಲ್ಕು ದಿನವಿತ್ತು.

ಶನಿವಾರ ಸಿಸ್ಟರ್ ಕೈಚೀಲ ಹಿಡಿದು ಬಂದರು. ರಾಮದುರ್ಗಕ್ಕೆ ವರ್ಗವಾಗಿತ್ತು.

“ಒಳಗ ಬರ್ರಿ ಸಿಸ್ಟರ್,” ಎಂದೆ. ಮೊದಲ ಸಲ.

ಅವರು ಅಡುಗೆಮನೆಯ ಹೊಸ್ತಿಲನ್ನೂ ನನ್ನ ಮುಖವನ್ನೂ ನೋಡಿದರು. “ಬಸ್ಸ ಹೊಂಟು ನಿಂತೈತ್ರಿ ಅಕ್ಕಾರ. ಇನ್ನೊಮ್ಮೆ ಬರತೇನಿ. ಡಬ್ಬಿ ಅಲ್ಲೇ ಇರಲಿ, ಆವಾಗ ಒಯ್ಯತೇನಿ.”

ಎರಡು ವರ್ಷದ ಮೇಲೆ ರಾಮದುರ್ಗಕ್ಕೆ ಮದುವೆಗೆ ಹೋದಾಗ, ತುಂಡು ತುಂಬಿದ ಅದೇ ಡಬ್ಬಿ ಹಿಡಿದು ದವಾಖಾನೆಗೆ ಹೋಗಿ ಕೇಳಿದೆ. ಆರು ತಿಂಗಳ ಹಿಂದೆಯೇ ಬೇರೆ ಜಿಲ್ಲೆಗೆ ಹೋದರು ಎಂದರು. ಯಾವ ಊರು ಎಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಡಬ್ಬಿ ತೆರೆಯಲಿಲ್ಲ.

ಅತ್ತೆ ಆ ಬೇನೆಯ ನಂತರ ಹದಿನಾಲ್ಕು ವರ್ಷ ಬದುಕಿದರು. ಶಿವ ಕೊಟ್ಟದ್ದು ಕಡಿಮೆಯಲ್ಲ. ಈ ನೌಕರಿ ನನಗೆ ಕಲಿಸಿದ್ದು ಹೊತ್ತು ನೋಡಿ ಬಡಿಸುವುದನ್ನು. ಒಂದು ಸಲ ಮುಂಚೆ ಬಡಿಸಿದೆ, ಒಂದಿಷ್ಟು ಬ್ರೆಡ್ ಹಾಳಾಯಿತು. ಇನ್ನೊಂದು ಸಲ ತಡಮಾಡಿದೆ. ಶಕುಂತಲಾ ಎಂದು ಹೆಸರು ಕೊರೆಸಿದ ಡಬ್ಬಿ ಈಗಲೂ ನನ್ನ ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿದೆ. ಹೊಸ್ತಿಲು ದಾಟಿ ಒಳಗೆ ಬಂದದ್ದು ಅದೊಂದೇ.