ತಂಗಿ ವಿಮಾನದಲ್ಲಿದ್ದಾಗ ಕಸ ಹೊಡೆಯಬಾರದು

ಊರಿಗೆ ಹೊರಟವರು ಮುಟ್ಟುವ ತನಕ ಮನೆಯ ಕಸ ಹೊಡೆಯಬಾರದು. ಹರಿಹರದ ನಮ್ಮ ಮನೆಯಲ್ಲಿ ಅವ್ವ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಳೆಂದರೆ, ಅಪ್ಪ ದಾವಣಗೆರೆಗೆ ಬಸ್ಸು ಹತ್ತಿದರೂ ಪೊರಕೆ ಮೂಲೆ ಸೇರುತ್ತಿತ್ತು. ಅರ್ಧ ಗಂಟೆಯ ಹಾದಿ! ನನಗೂ ತಂಗಿಗೂ ನಕ್ಕು ನಕ್ಕು ಸಾಕಾಗುತ್ತಿತ್ತು.

ಈಗ ಅವ್ವ ಇಲ್ಲ, ಅಪ್ಪ ಇಲ್ಲ, ನಮ್ಮ ಯಜಮಾನರೂ ಹೋಗಿಬಿಟ್ಟರು. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಈ ಮನೆಯಲ್ಲಿ ನಾನೊಬ್ಬಳೇ. ನನ್ನವಳು ಅಂತ ಉಳಿದಿರುವುದು ತಂಗಿ ಒಬ್ಬಳು. ಆಕೆ ಕೆನಡಾದ ಉತ್ತರದ ತುದಿಯಲ್ಲಿ ನರ್ಸ್. ಅಲ್ಲಿ ಊರಿಂದೂರಿಗೆ ರಸ್ತೆಯೇ ಇಲ್ಲವಂತೆ. ಡ್ಯೂಟಿ ಬದಲಾದಾಗಲೆಲ್ಲ ನಮ್ಮ ಟೆಂಪೋದಷ್ಟಿರುವ ವಿಮಾನ ಹತ್ತಬೇಕು.

ಹತ್ತುವ ಮುಂಚೆ ಎಲ್ಲಿಂದ ಎಲ್ಲಿಗೆ ಎಂದು ಮೆಸೇಜ್ ಹಾಕುತ್ತಿದ್ದಳು. ನಾನು ಕೂಡಲೇ ಫೋನಿನಲ್ಲಿ ದೂರ ಲೆಕ್ಕ ಹಾಕುವ ಒಂದು ವೆಬ್‌ಸೈಟ್ ತೆಗೆದು ಆ ಎರಡು ವಿಮಾನ ನಿಲ್ದಾಣಗಳ ಹೆಸರು ಒತ್ತುತ್ತಿದ್ದೆ. ನಾಲಿಗೆಗೆ ಹೊರಳದ ಹೆಸರುಗಳು. ಅದು ನಡುವೆ ನೇರ ಗೆರೆ ಎಳೆದು, ಇಷ್ಟು ಕಿಲೋಮೀಟರು, ಎರಡು ಗಂಟೆಯೊಳಗೆ ಪ್ರಯಾಣ ಎಂದು ತೋರಿಸುತ್ತಿತ್ತು. ಹಿಮ, ಗಾಳಿ ಲೆಕ್ಕಕ್ಕಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿ. ಅದನ್ನು ಮೇಲೆಯೇ ಹೇಳಬಾರದೇ, ಮುಠ್ಠಾಳರು!

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಾಗೇ ಮೆಸೇಜ್ ಬಂತು. ಕೆಲಸದಾಕೆ ಆಗಲೇ ಪೊರಕೆ ಹಿಡಿದಿದ್ದಳು.

“ಇವತ್ತು ಕಸ ಬ್ಯಾಡ ಕಣವ್ವ. ತಂಗಿ ವಿಮಾನದಾಗೆ ಅದಾಳೆ.”

“ಪಾತ್ರೆ ತಿಕ್ಕಬೌದಾ ಅಮ್ಮಾರೆ? ಇಲ್ಲ, ಅದಕ್ಕೂ ವಿಮಾನ ಬೀಳ್ತೈತಾ?”

“ಥೂ, ಬಿಡ್ತು ಅನ್ನು!”

ಎರಡು ಗಂಟೆ ಕಳೆಯಿತು, ಸಂಜೆಯೂ ಆಯಿತು. ಫೋನ್ ಹಚ್ಚಿದರೆ ಹತ್ತುತ್ತಿಲ್ಲ. ಮರುದಿನವೂ ಸುದ್ದಿಯಿಲ್ಲ. ನೆಲದ ಮೇಲೆ ಮಂಡಕ್ಕಿ ಚೆಲ್ಲಿತ್ತು, ಇರುವೆ ಸಾಲು ಹಿಡಿದಿತ್ತು, ಮುಟ್ಟಲಿಲ್ಲ. ದೇವರ ಮುಂದೆ ಕೂತು ಅತ್ತುಬಿಟ್ಟೆ. ಇವಳೂ ಹೋದರೆ ನನ್ನನ್ನು ಅಕ್ಕಾ ಎನ್ನುವವರು ಯಾರು?

ಅದರ ಮಾರನೇ ದಿನ ಅವಳೇ ಫೋನ್ ಮಾಡಿದಳು.

“ಅಯ್ಯೋ ಅಕ್ಕ, ಅವತ್ತೇ ಮುಟ್ಟಿದ್ನಲ್ಲ. ಡ್ಯೂಟಿ ಮ್ಯಾಲೆ ಡ್ಯೂಟಿ, ಹೇಳೋದೇ ಮರ್ತುಬಿಟ್ಟೆ.”

“ಮರ್ತ್ಯಾ? ಇಲ್ಲಿ ಮನೆ ತಿಪ್ಪೆ ಆಗೈತೆ ಕಣೇ! ಜೀವ ಬಾಯಿಗೆ ಬಂದಿತ್ತು!”

“ಥೇಟ್ ಅವ್ವನೇ ನೀನು,” ಎಂದು ನಕ್ಕಳು. ಆಮೇಲೆ ಮೆತ್ತಗೆ, “ನೀನು ಹಿಂಗೆ ಹೆದರೋದಾದ್ರೆ ಇನ್ಮ್ಯಾಲೆ ಹೊರಡೋದು ಹೇಳಲ್ಲ ಬಿಡು. ಮುಟ್ಟಿದ ಮ್ಯಾಲೆ ಹೇಳ್ತೀನಿ,” ಅಂದಳು.

“ಹೆದರಿದ್ರೆ ಹೆದರ್ಕೋತೀನಿ, ನಿನಗೇನು? ಹೇಳು ನೀನು!”

“ಬ್ಯಾಡಕ್ಕ.”

ಪ್ರೀತಿಯಿಂದಲೇ ಅಂದಳು. ಅದಕ್ಕೇ ಇನ್ನಷ್ಟು ಸಂಕಟ.

ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ ಮಹಾರಾಯ್ತಿ. ಈಗ ಹಿಮದ ಫೋಟೋ ಬಂದರೆ ಗೊತ್ತು, ಇನ್ನೊಂದು ಊರು ಮುಟ್ಟಿದಳು ಅಂತ. ಆಕೆ ಆಕಾಶದಲ್ಲಿದ್ದಾಗ ನನ್ನ ಮನೆಯಲ್ಲಿ ಪೊರಕೆ ಆಡಿರುತ್ತದೆ.

ದಿನಾ ಬೆಳಿಗ್ಗೆ ಕೆಲಸದಾಕೆ ಪೊರಕೆ ಹಿಡಿದು, “ಹೊಡೀಲಾ ಅಮ್ಮಾರೆ?” ಅನ್ನುತ್ತಾಳೆ. ಫೋನ್ ನೋಡುತ್ತೇನೆ. ಏನೂ ಇರುವುದಿಲ್ಲ.

“ಹೊಡಿ. ಹೊಸ್ತಿಲ ಹತ್ರ ಒಂಚೂರು ಬಿಡು.”

ಯಾಕೆ ಅಂತ ಆಕೆ ಈಗ ಕೇಳುವುದಿಲ್ಲ.